ಬೇವಿನಕಡ್ಡಿ ಹಲ್ಲು

ಪೂಜಿ ಕೋಣಿ ಬಾಗಿಲಾ ಬಡದ ಸಪ್ಪಳಕ್ಕ ಅಂದಾನಪ್ಪನ ಕೈಯಾಗಿನ ಹಲ್ಲಿನ ಸೆಟ್ಟು ಜಾರಿ ಹರಿವಾಣದಾಗ ಠಣ್ ಅಂತ ಬಿತ್ತು. ಅಂವ ಲಿಂಗಪೂಜಿಗೆ ಕುಂತಾಗ ಬಾಗಿಲಾ ಬಡೀಬೇಕಂದ್ರ ಆ ಮನಿಗೆ ಬೆಂಕೀನ ಹತ್ತಿರಬೇಕು. ಆ ಧೈರ್ಯದ ಮ್ಯಾಲೇ ಅಂವ ದಿನಾ ಪೂಜಿ ಮುಗಿಸಿ ಮತ್ತೊಂದು ಹತ್ತು ನಿಮಿಷ ಅಲ್ಲೇ ಕುಂತು, ಈಬತ್ತಿ ಪುಡಿ ಹಚ್ಚಿ ಸೆಟ್ಟು ಗಸಗಸ ತಿಕ್ಕತಿದ್ದ. ಶಿವಯೋಗಮಂದಿರದ ಈಬತ್ತಿ, ಹಣಿಗೆ ಹಚ್ಚೂ ವಿಭೂತಿ. ಹಿತ್ತಾಳಿ ಗಿಂಡಿ ಬೆಳಗತೈತಿ, ಹಲ್ಲು ಬೆಳಗೂದಿಲ್ಲೇನು?

"ಮಾವಾರ, ನಾನ್ರಿ, ಮಹೇಶ್ವರಿ. ಬಾಗಿಲಾ ತಗೀರಿ."

ಸೆಟ್ಟು ಲಗೂನ ಬಾಯಾಗ ತುರಕಿಕೊಂಡು ತಗದ. ಆರು ತಿಂಗಳದ ಹೊಸಾ ಸೊಸಿ. ಕೈಯಾಗ ಮುಚ್ಚಳದ ಡಬ್ಬಿ, ಅದರ ಮ್ಯಾಲ ಮೆತ್ತನ್ನ ಬ್ರಶ್ಶು.

"ಈಬತ್ತಿ ಹಚ್ಚಿ ತಿಕ್ಕಬ್ಯಾಡ್ರಿ ಮಾವಾರ. ಗೀರು ಬೀಳ್ತಾವು, ಗೀರಿನಾಗ ಚಾದ ಕರಿ ಕುಂದರ್ತೈತಿ. ಕುದಿಯೋ ನೀರೂ ಬ್ಯಾಡ್ರಿ, ಸೊಟ್ಟ ಆಗ್ತಾವು. ಇದರಿಂದ ಮೆತ್ತಗ ತಿಕ್ಕಿ, ಮಲಗೂ ಮುಂದ ತಣ್ಣೀರಾಗ ಇಡ್ರಿ."

"ಯಾ... ಯಾವ ಹಲ್ಲಿಗೆ? ನನ್ನವು ಬೇವಿನಕಡ್ಡಿ ಹಲ್ಲು!"

"ಹೌದ್ರಿ. ಹಣಿ ಮ್ಯಾಲ ನೋಡಿದ್ರ ಮೂರ ಗೆರಿ. ಈಬತ್ತಿ ಗಟ್ಟಿ ನೋಡಿದ್ರ ಹತ್ತು ದಿನಕ್ಕೊಂದು ಖಾಲಿ. ಎಲ್ಲಿ ಹೋಗತೈತ್ರಿ?"

ಅಂದಾನಪ್ಪ ಮತ್ತ ಪೂಜಿ ಮಣಿ ಮ್ಯಾಲ ಕುಂತ. ಹಲ್ಲು ಕಟ್ಟಿಸಿದ್ದು ಓಣಿಗೆ ಗೊತ್ತಿತ್ತು, ಮಗಗ ಗೊತ್ತಿತ್ತು. ಗೊತ್ತಾಗಬಾರದಿದ್ದದ್ದು ಬೀಗರ ಮನಿಗಷ್ಟ. ನಿಶ್ಚಯದ ದಿನ ಈಕಿ ಅಪ್ಪ, ಗುಡೂರಿನ ಅಮಾತೆಪ್ಪ, "ಏನ್ ಹಲ್ಲ್ರೀ ಬೀಗರ ನಿಮ್ಮವು!" ಅಂತ ಬೆರಗಾದಾಗ, "ದಿನಾ ಬೇವಿನಕಡ್ಡಿ, ಮತ್ತೇನಿಲ್ಲ" ಅಂದುಬಿಟ್ಟಿದ್ದ. ಒಂದ ಮಾತು. ಅಮಾತೆಪ್ಪ ಅದನ್ನ ಗುಡೂರ ತುಂಬ ಹಂಚಿ ಬಂದಿದ್ದ.

"ಇಷ್ಟು ದಿನ ಸುಮ್ನಿದ್ದಿ. ಇವತ್ಯಾಕವ್ವ?"

"ಇವತ್ತು ಅಪ್ಪ ಉಣ್ಣಾಕ ಬರ್ತಾನ್ರಿ. ಹಲ್ಲೆಲ್ಲಾ ಹೋಗಿ ನಾಕು ತಿಂಗಳಾತು. ಬರೇ ಅಂಬಲಿ, ಇಲ್ಲಾ ಹಾಲಾಗ ನೆನಸಿದ ರೊಟ್ಟಿ. ಗೂಟಕ್ಕ ಅಂಗಿ ಸಿಗಿಸಿದಂಗ ಕಾಣ್ತಾನ. ಹಲ್ಲು ಕಟ್ಟಿಸ್ಕೊ ಅಂತ ದವಾಖಾನಿಗೆ ಕರಕೊಂಡು ಹೋದ್ನಿ. ಡಾಕ್ಟರು ಸೆಟ್ಟು ತಿಕ್ಕೂದು, ನೀರಾಗ ಇಡೂದು ಎಲ್ಲಾ ತಿಳಿಸಿ ಹೇಳಿದ್ರು, ಅಪ್ಪ ಎದ್ದು ಬಂದ. 'ನಮ್ಮ ಬೀಗರು ಸ್ವಂತ ಹಲ್ಲಿಂದ ತಿಂತಾರ, ನಾ ಕಳ್ಳ ಹಲ್ಲು ಹಾಕ್ಕೊಂಡು ಅವರ ಮುಂದ ಕುಂದರ್ಲೇನು?' ಅಂದ."

ಅಷ್ಟ ಹೇಳಿ ಡಬ್ಬಿ ಅಲ್ಲೇ ಇಟ್ಟು ಹೋದಳು. ಹಿಂಗ ಮಾಡ್ರಿ ಅಂತ ಒಂದ ಮಾತೂ ಅನಲಿಲ್ಲ.

ಮಧ್ಯಾಹ್ನ ಬೀಗರಿಬ್ಬರೂ ಎದರಾಬದರ ಕುಂತರು. ಕಡಕ್ ರೊಟ್ಟಿ, ಪುಂಡಿಪಲ್ಯಾ, ಶೇಂಗಾ ಚಟ್ನಿ. ಅಂದಾನಪ್ಪನ ಬಾಯಾಗ ರೊಟ್ಟಿ ಕಟಂ ಕುಟಂ ಅಂತಿತ್ತು. ಅಮಾತೆಪ್ಪ ತನ್ನ ರೊಟ್ಟಿ ಪುಡಿಪುಡಿ ಮಾಡಿ ಹಾಲಿಗೆ ಹಾಕಿ, ಅದು ನೆನಿಯೂದನ್ನ ಕಾಯ್ತಿದ್ದ.

"ತಿನ್ರಿ ಬೀಗರ, ತಿನ್ರಿ. ಆ ಸಪ್ಪಳಾ ಕೇಳಿದ್ರ ನನ್ನ ಹೊಟ್ಟಿ ತುಂಬತೈತಿ. ನಾ ಊರಾಗ ಎಲ್ಲಾರಿಗೂ ಹೇಳ್ತೇನಿ, ನಮ್ಮ ಬೀಗರ ಹಲ್ಲಂದ್ರ ಬಾದಾಮಿ ಕಲ್ಲು!"

ಹಾಲಿನ ಬಟ್ಟಲಾ ಎತ್ತಿದಾಗ ಅಮಾತೆಪ್ಪನ ಕೈಗಡಿಯಾರ ಸರ್‍ರ ಅಂತ ಮೊಣಕೈಗೆ ಜಾರಿತು. ಅಂದಾನಪ್ಪ ಬಾಯಾಗಿನ ತುತ್ತು ನುಂಗಿ, ಕೈಯಾಗಿನ ರೊಟ್ಟಿ ಕೆಳಗಿಟ್ಟ. ಬಾಗಿಲದಾಗ ನಿಂತ ಸೊಸಿ ಅಪ್ಪನ್ನ ನೋಡವಲ್ಲಳು, ಮಾವನ್ನ ನೋಡಾಕತ್ತಿದ್ದಳು.

"ಯವ್ವಾ, ಮುಂಜಾನಿ ಡಬ್ಬಿ, ಬ್ರಶ್ಶು ತಗೊಂಬಾ. ತಣ್ಣೀರು ಹಾಕಿ ತಾ."

ಓಡಿ ಹೋಗಿ ತಂದಳು. ಅಂದಾನಪ್ಪ ಬಾಯಿಗೆ ಕೈ ಹಾಕಿ ಮ್ಯಾಲಿಂದು ತಗದ, ಕೆಳಗಿಂದು ತಗದ. ಸೊಸಿ ಹೇಳಿದಂಗ ಬ್ರಶ್ಶಿಂದ ಮೆತ್ತಗ ಒಳಗ ಹೊರಗ ತಿಕ್ಕಿ, ಡಬ್ಬ್ಯಾಗ ಮುಳುಗಿಸಿ, ಚಟ್ನಿ ಪಕ್ಕಕ್ಕ ಬೀಗರ ಕಣ್ಣಿಗೆ ಕಾಣೂವಂಗ ಇಟ್ಟ. ಗಲ್ಲ ಎರಡೂ ಒಳಗ ಹೋದವು. ಬೆನ್ನು ಮಾತ್ರ ನೆಟ್ಟಗ ಇತ್ತು.

"ನಮ್ಮ ಬೇವಿನ ಗಿಡಾ ಬಾಗಲಕೋಟ್ಯಾಗ ಐತ್ರಿ ಬೀಗರ," ಅಂದ, ಬರೇ ವಸಡೀಲೆ. "ದವಾಖಾನ್ಯಾಗ."

ಅಮಾತೆಪ್ಪ ಡಬ್ಬಿ ನೋಡಿದ. ಬೀಗರ ಬಾಯಿ ನೋಡಿದ. ಮತ್ತ ಡಬ್ಬಿ ನೋಡಿದ.

"ನಾಕು ತಿಂಗಳ್ರಿ! ನಿಮ್ಮನ್ನ ನಂಬಿ ನಾಕು ತಿಂಗಳು ಅಂಬಲಿ ಕುಡದೇನಿ!"

"ತಪ್ಪಾತ್ರಿ."

ಅಮಾತೆಪ್ಪ ಹಾಲಿನ ಬಟ್ಟಲಾ ಆಕಡೆ ಸರಿಸಿದ. ಬುಟ್ಟಿಗೆ ಕೈ ಹಾಕಿ ಇಡೀ ಒಂದು ಕಡಕ್ ರೊಟ್ಟಿ ಎತ್ತಿ, ಉಗರೀಲೆ ಟಕಟಕ ಬಡದು ನೋಡಿ, ಮುರೀದಂಗ ಮಗಳ ಕೈಯಾಗ ಕೊಟ್ಟ.

"ಇದನ್ನ ಅರಿವ್ಯಾಗ ಕಟ್ಟಿಡವ್ವ. ಕೆಡೂದಿಲ್ಲ. ನನ್ನ ಸೆಟ್ಟು ಬಂದ ದಿನ ಇಲ್ಲೇ ಬಂದು, ಇವರ ಕಿವಿ ಹತ್ತಿರ ಕುಂತು ಕಟಂ ಕುಟಂ ತಿಂತೇನಿ."