ಸೂಟಿಯ ಸಾಲಿ

ರಂಜಾನ್ ರಜೆಯ ದಿನ ಬೆಳಿಗ್ಗೆ ಉಳವಪ್ಪ ಮಾಸ್ತರರು ಶಾಲೆಯ ಗೇಟಿನ ಬೀಗ ತೆಗೆದು ಒಳಗೆ ಬಂದಾಗ, ಜಗಲಿಯ ಮೇಲೆ ಹುಡುಗಿಯೊಬ್ಬಳು ಕುಳಿತಿದ್ದಳು. ಹನ್ನೆರಡೋ ಹದಿಮೂರೋ ವಯಸ್ಸು. ಕಂಪೌಂಡು ಹಾರಿಯೇ ಬಂದಿರಬೇಕು. ಗೋಡೆಗೆ ಬರೆಸಿದ್ದ ಕರ್ನಾಟಕದ ನಕಾಶೆ ನೋಡಿ ನೋಡಿ, ಜಿಲ್ಲೆಗಳ ಹೆಸರನ್ನು ಸೀಮೆಸುಣ್ಣದ ತುಂಡಿನಿಂದ ಕಲ್ಲುಹಾಸಿನ ಮೇಲೆ ಇಳಿಸಿಕೊಳ್ಳುತ್ತಿದ್ದಳು.

"ಯಾರ ಮಗಳವಾ ನೀ? ಇವತ್ತ ಸೂಟಿ ಐತಿ, ಗೊತ್ತಿಲ್ಲೇನು?"

ಹುಡುಗಿ ದಡಬಡಿಸಿ ಎದ್ದು, ಬರೆದದ್ದನ್ನು ಲಂಗದ ಅಂಚಿನಿಂದ ಒರೆಸಹೋದಳು. "ಗೊತ್ತೈತ್ರಿ ಸರ. ಸೂಟಿ ಐತಿ ಅಂತನ ಬಂದೇನ್ರಿ."

"ಒರಸಬ್ಯಾಡ, ಇರ್ಲಿ. ಸೂಟಿ ದಿನಾ ಸಾಲಿಗಿ ಯಾರ ಬರ್ತಾರು?"

"ಸಾಲಿ ಇದ್ದ ದಿನಾ ನಾ ಕುರಿ ಹಿಂದ ಹೋಗಬೇಕ್ರಿ. ಸೂಟಿ ಇದ್ರ ತಮ್ಮ ಸೋಮಲಿಂಗ ಹೊಕ್ಕಾನ್ರಿ. ಐತವಾರ ಅವ್ವ ಸಂತಿಗಿ ಹೋದ್ರ ಸಣ್ಣ ತಂಗೀನ್ನ ನಾನ ನೋಡ್ಕೋಬೇಕು. ಇಂಥಾ ಸೂಟಿಗಷ್ಟ ನನಗ ಬಿಡುವು."

ಅವಳು ಕುರುಬರ ಭರಮಣ್ಣನ ಮಗಳು ಪ್ರಮಿಳಾ. ಎರಡು ವರ್ಷದ ಹಿಂದೆ ಆರನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟವಳು. ಉಳವಪ್ಪನವರು ನಂದಗಡದ ಹತ್ತಿರದ ಈ ಊರಿಗೆ ವರ್ಗವಾಗಿ ಬಂದು ಏಳು ತಿಂಗಳಾಗಿತ್ತಷ್ಟೆ. ದಿನವೂ ಬೆಳಗಾವಿಯಿಂದ ಖಾನಾಪುರಕ್ಕೆ, ಅಲ್ಲಿಂದ ಇಲ್ಲಿಗೆ ಎರಡು ಬಸ್ಸು ಹತ್ತಿ ಬರುತ್ತಿದ್ದರು. ಸೋಮಲಿಂಗ ಅವರದೇ ತರಗತಿಯಲ್ಲಿದ್ದ. ಅವನಿಗೊಬ್ಬಳು ಅಕ್ಕ ಇದ್ದಾಳೆಂದು ಅವರಿಗೆ ತಿಳಿದೇ ಇರಲಿಲ್ಲ.

ಕಪಾಟಿನಲ್ಲಿ ಮರೆತಿದ್ದ ವರದಿ ತೆಗೆದುಕೊಂಡು ಹತ್ತೂವರೆಯ ಬಸ್ಸಿಗೇ ಮರಳಬೇಕು ಎಂದುಕೊಂಡು ಅವರು ಬಂದಿದ್ದರು. ಮಧ್ಯಾಹ್ನ ಕಾಕತಿಯಲ್ಲಿ ಹೆಂಡತಿಯ ಅಣ್ಣನ ಮನೆಯಲ್ಲಿ ಊಟ. ಹೆಂಡತಿ, ಮಗಳು ತಯಾರಾಗಿ ಕಾಯುತ್ತಿದ್ದರು. ಕಾಗದ ಕೈಗೆತ್ತಿಕೊಂಡು, ಕೋಣೆಗೆ ಬೀಗ ಹಾಕಿ ಹೊರಟಾಗ ಹುಡುಗಿ ಹಿಂದಿನಿಂದ ಕೇಳಿದಳು:

"ಸರ, ಈ ವರ್ಷ ಎಷ್ಟ ಸೂಟಿ ಅದಾವ್ರಿ?"

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಯನ್ನು ಮಕ್ಕಳು ಅವರಿಗೆ ಎಷ್ಟೋ ಸಲ ಕೇಳಿದ್ದರು. ಅವರೂ ಪ್ರತಿ ಜನವರಿಯಲ್ಲಿ ಅದನ್ನೇ ಕೇಳಿಕೊಂಡವರು. ಹೀಗೆ ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಮತ್ತೆ ಬೀಗ ತೆಗೆದು, ಗೋಡೆಯ ಮೇಲಿನ ರಜಾಪಟ್ಟಿ ಓದತೊಡಗಿದರು. ಅವಳು ಬೆರಳು ಮಡಚುತ್ತ ಹೋದಳು. ಡಿಸೆಂಬರಿನ ಕೊನೆಗೆ ಬಂದಾಗ ತಟ್ಟನೆ ತಡೆದಳು.

"ಮತ್ತೊಂದ ರಂಜಾನ ಐತ್ರಿ? ಒಂದ ವರ್ಷದಾಗ ಎರಡ?"

"ಚಂದ್ರನ ಲೆಕ್ಕ ಹಂಗವಾ. ಈ ಸಲ ಎರಡ ಬಂದಾವು."

"ಛಲೋ ಆತ್ರಿ!" ಎಂದಳು ಪ್ರಮಿಳಾ, ಯಾರೋ ಕರೆದು ಉಡುಗೊರೆ ಕೊಟ್ಟಂತೆ.

ಹತ್ತೂವರೆಯ ಬಸ್ಸು ಹಾರ್ನ್ ಹೊಡೆದು ಹೋಯಿತು. ಮಾಸ್ತರರು ಕರಿಹಲಗೆ ಒರೆಸಿ ಭಿನ್ನರಾಶಿ ಬರೆದರು.

ಸಂಜೆ ಮನೆ ಮುಟ್ಟಿದಾಗ ಹೆಂಡತಿ ಸಂಗವ್ವ ಇನ್ನೂ ಜರಿಯ ಸೀರೆಯಲ್ಲೇ ಇದ್ದಳು. "ಕಾಕತ್ಯಾಗ ಎಲೀ ಹಾಕ್ಕೊಂಡ ಕಾದ್ರು. ಎಲ್ಲಿ ಹೋಗಿದ್ರಿ?"

ಅವರು ಎಲ್ಲವನ್ನೂ ಹೇಳಿದರು. ಕೊನೆಗೆ ತಗ್ಗಿದ ದನಿಯಲ್ಲಿ, "ಸಂಕ್ರಮಣಕ್ಕೂ ಬಾ ಅಂತ ಹೇಳಿ ಬಂದೇನಿ" ಎಂದರು. ಜಗಳಕ್ಕೆ ಸಿದ್ಧರಾಗಿಯೇ ನಿಂತಿದ್ದರು.

"ನನ್ನೂ ನಾಕನೇ ಇಯತ್ತೆಗೆ ಬಿಡಿಸಿದ್ರು. ಗ್ವಾಡಿ ಹಾರಿ ಹೋಗಬೇಕಂತ ನನಗ ತಿಳೀಲಿಲ್ಲ" ಎಂದಳು ಸಂಗವ್ವ. ಆಮೇಲೆ, "ಸಂಕ್ರಮಣಕ್ಕ ಎರಡ ಡಬ್ಬಿ ಕಟ್ಟತೇನಿ. ಒಂದ ಆ ಹುಡಗೀಗಿ. ಮಾದ್ಲಿಗಿ ತುಪ್ಪಾ ಹಾಕಿ ಕೊಡ್ರಿ, ಮರೀಬ್ಯಾಡ್ರಿ."

ಉಳವಪ್ಪನವರು ಹೋಗಿ ಕೈಕಾಲು ತೊಳೆದುಕೊಂಡರು, ಮುಖವನ್ನೂ ಎರಡೆರಡು ಸಲ.

ಶಿವರಾತ್ರಿಗೆ ದಶಮಾಂಶವಾಯಿತು, ಬಕ್ರೀದಿಗೆ ಇಂಗ್ಲಿಷು, ಯುಗಾದಿಗೆ ಕಿತ್ತೂರಿನ ಇತಿಹಾಸ. ಬೇಸಿಗೆ ರಜೆ ಪೂರ್ತಿ ಸೋಮಲಿಂಗ ಕುರಿಗಳ ಹಿಂದೆ, ಪ್ರಮಿಳಾ ಶಾಲೆಯಲ್ಲಿ. ಒಂದೆರಡು ದಿನ ಸಂಗವ್ವನೂ ಬಂದು ಕೊನೆಯ ಬೆಂಚಿನಲ್ಲಿ ಕೂತು ಹೋದಳು. ದಸರೆಯ ಹೊತ್ತಿಗೆ ಪ್ರಮಿಳಾಳ ತಾಯಿ ಕಾಡವ್ವ ಗಿಣ್ಣದ ಪಾತ್ರೆ ಹೊತ್ತು ಬಂದು ಬಾಗಿಲಲ್ಲೇ ನಿಂತಳು.

"ನಿಮ್ಮ ಹಬ್ಬ ಎಲ್ಲಾ ನಾವ ತಿಂದ್ವಿರಿ ಸರ."

"ಹಂಗನಬ್ಯಾಡವಾ" ಎಂದರು ಮಾಸ್ತರರು. "ಇಷ್ಟ ವರ್ಷ ಪಗಾರಕ್ಕ ಕಲಿಸಿದೆ. ಸಾಲಿಗಿ ಹೋಗಬೇಕು ಅಂತ ನನಗ ಅನಿಸಿದ್ದು ಈ ವರ್ಷನ. ನಿನ್ನ ಮಗಳ ಋಣ ಅದು."

ಮುಂದಿನ ವರ್ಷ ಪ್ರಮಿಳಾ ಏಳನೆಯ ಇಯತ್ತೆಯ ಪರೀಕ್ಷೆಗೆ ಖಾಸಗಿಯಾಗಿ ಕೂತು ಮೊದಲ ದರ್ಜೆಯಲ್ಲಿ ಪಾಸಾದಳು. ಭರಮಣ್ಣ ಎರಡು ದಿನ ಯೋಚಿಸಿ, ತನ್ನ ಕುರಿಗಳನ್ನು ಅಣ್ಣನ ಹಿಂಡಿಗೆ ಸೇರಿಸಿದ. ಮಗಳನ್ನು ತಾನೇ ಖಾನಾಪುರದ ಹಾಸ್ಟೆಲ್ಲಿಗೆ ಬಿಟ್ಟು ಬಂದ.

ಆಗಸ್ಟಿನಲ್ಲಿ ಗಣೇಶ ಚತುರ್ಥಿಯ ಹಿಂದಿನ ದಿನ ಸಂಜೆ, ಖಾನಾಪುರದ ಬಸ್‌ ಸ್ಟ್ಯಾಂಡಿನಲ್ಲಿ ಇಬ್ಬರೂ ಎದುರಾದರು. ಅವಳು ನೀಲಿ ಲಂಗ, ಬಿಳಿ ಅಂಗಿಯ ಸಮವಸ್ತ್ರದಲ್ಲೇ ಊರಿನ ಬಸ್ಸಿಗೆ ಕಾಯುತ್ತಿದ್ದಳು. ಅವರಿಗೆ ಬೆಳಗಾವಿಯ ಬಸ್ಸು ಹಿಡಿಯಬೇಕಿತ್ತು.

"ನಾಳಿ ಸೂಟಿ" ಎಂದರು ಮಾಸ್ತರರು. "ಗಣಿತದಾಗ ಏನರೆ ತಿಳೀದಿದ್ರ ಹೇಳು. ಬರ್ತೇನಿ."

"ಬ್ಯಾಡ್ರಿ ಸರ. ನೀವು ಮನ್ಯಾಗ ಹಬ್ಬಾ ಮಾಡ್ರಿ."

"ನೀ ಏನ ಮಾಡಾಕಿ?"

ಪ್ರಮಿಳಾ ನಕ್ಕಳು. "ಏನೂ ಮಾಡೂದಿಲ್ರಿ. ಸೂಟಿ ಅಂದ್ರ ಹೆಂಗಿರ್ತೈತಿ, ಒಮ್ಮೆ ನೋಡ್ತೇನ್ರಿ."