ಕತ್ತರಿ ಮಾಡಿದ ತಪ್ಪು

"ಅಯ್ಯೋ, ನಿಲ್ಲಿಸು! ಬಟ್ಟೇನ ಯಾಕೆ ಹಾಗೆ ಎಳೀತಿದ್ದೀಯ?"

ಹೊಲಿಗೆ ಅಂಗಡಿಯ ಅಕ್ಕ ಕೂಗಿದ್ದೇ ತಡ, ಕೆಲಸ ಕೇಳಿಕೊಂಡು ಬಂದಿದ್ದ ಟೈಲರನ ಕೈ ನಿಂತುಬಿಟ್ಟಿತು. ಪರೀಕ್ಷೆಗೆಂದು ಅವಳೇ ಕೊಟ್ಟ ಷರ್ಟಿನ ಬಟ್ಟೆ. ಕತ್ತರಿಸಿದ್ದು ಗೀಟಿನಿಂದ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಅವನ ಕತ್ತರಿ ಮೇಜಿನ ಮೂಲೆ ಬಿಟ್ಟು ಕದಲಿರಲಿಲ್ಲ. ಬಟ್ಟೆಯನ್ನೇ ತಿರುಗಿಸಿ ತಿರುಗಿಸಿ ಅದರ ಬಾಯಿಗೆ ಕೊಡುತ್ತಿದ್ದ.

"ಯಾವ ಮಾಸ್ಟರ್ ಕಲಿಸಿದ್ದು ಇದನ್ನ?"

ಅವನು ನಿಜ ಹೇಳಿ ಈಗಾಗಲೇ ಎರಡು ಅಂಗಡಿಯ ಮೆಟ್ಟಿಲು ಇಳಿದಿದ್ದ. ಸುಳ್ಳು ಹೇಳೋಣವೆಂದರೆ ಕೈಯೇ ಚಾಡಿ ಹೇಳಿಬಿಟ್ಟಿತ್ತು. "ಜೈಲಲ್ಲಿ ಕಲಿತಿದ್ದು, ಅಕ್ಕ. ಆರು ವರ್ಷ ಹೊಲಿದೆ. ದಿನದ ಕೂಲಿ ಸೋಪಿಗೆ ಆದ್ರೆ ತಲೆ ಎಣ್ಣೆಗೆ ಆಗ್ತಿರಲಿಲ್ಲ. ಅಲ್ಲಿ ಕತ್ತರೀನ ಸರಪಳಿ ಹಾಕಿ ಮೇಜಿಗೆ ಕಟ್ಟಿರ್ತಾರೆ. ಅದು ಬರಲ್ಲ, ಬಟ್ಟೇನೇ ಅದರ ಹತ್ರ ಹೋಗ್ಬೇಕು."

ಅಕ್ಕ ಕನ್ನಡಕವನ್ನು ಹಣೆಗೇರಿಸಿ ಅವನನ್ನು ನೋಡಿದಳು. ಕತ್ತರಿಸಿದ ಅಂಚನ್ನು ಬೆರಳಲ್ಲಿ ಸವರಿದಳು. ಇಲ್ಲೂ ಕೆಲಸ ಸಿಗಲ್ಲ ಎಂದುಕೊಂಡು ಅವನು ತನ್ನ ಚೀಲಕ್ಕೆ ಕೈ ಚಾಚಿದ.

"ಅಲ್ಲಯ್ಯಾ, ನೀನೇನೋ ತಪ್ಪು ಮಾಡಿದ್ದೆ, ಸರಿ," ಎಂದಳು ಅಕ್ಕ. "ಪಾಪ, ಆ ಕತ್ತರಿ ಏನು ಮಾಡಿತ್ತು?"

ಅವನಿಗೆ ತಡೆಯಲಾರದ ನಗು ಬಂತು. ಜೈಲಿನಿಂದ ಹೊರಗೆ ಬಂದ ಮೇಲೆ ಹೊಟ್ಟೆತುಂಬ ನಕ್ಕಿದ್ದು ಅದೇ ಮೊದಲು. ಅಕ್ಕ ಎರಡೂ ಅಂಗೈ ಊರಿ ಬಟ್ಟೆಯನ್ನು ಮೇಜಿಗೆ ಒತ್ತಿ ಹಿಡಿದಳು. "ನಾನು ಬಟ್ಟೆ ಬಿಡಲ್ಲ. ಕೂಲಿ ಮಾತು ಆಮೇಲೆ ಆಡೋಣ. ಮೊದಲು ಆ ಕತ್ತರೀನ ಒಂದು ಸುತ್ತು ತಿರುಗಾಡಿಸ್ಕೊಂಡು ಬಾ."

ಕತ್ತರಿ ಮೂಲೆ ಬಿಟ್ಟು ಹೊರಟಿತು.