ಅಜ್ಜನ ಜೇನುಬಣ್ಣದ ಅಗೇಟ್ ಕಲ್ಲು

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎರಡು ನಿಮಿಷ ನಿಂತು ಇದನ್ನು ಓದಿ...

ವಿಜಯಪುರದ ನಮ್ಮ ಓಣಿಯಲ್ಲಿ ಗುರುಪಾದಪ್ಪ ಮಾಸ್ತರರು ಅಂತ ಇದ್ದಾರೆ. ರಿಟೈರ್ ಆದ ಮೇಲೆ ಅವರಿಗೆ ಹಿಡಿದದ್ದು ಒಂದೇ ಹುಚ್ಚು... ಅಗೇಟ್ ಎಂಬ ಬಣ್ಣದ ಗೆರೆಗಳ ಕಲ್ಲು ಕೂಡಿಸುವುದು.

ಹೊಳೆದಂಡೆಯಲ್ಲಿ ಸಿಕ್ಕ ಮಬ್ಬು ಕಲ್ಲನ್ನು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಒದ್ದೆಯಾದರೆ ಬಣ್ಣದ ಗೆರೆಗಳು ಎದ್ದು ಕಾಣುತ್ತವಂತೆ. ಮನಸ್ಸಿಗೆ ಬಂದರೆ ಪಾಲಿಶ್ ಮಾಡಿಸಿ ಟ್ರೇಯಲ್ಲಿ ಜೋಡಿಸುತ್ತಾರೆ.

ಆ ಟ್ರೇ ಮುಟ್ಟಿದವರ ಕಥೆ ಮುಗಿದಂತೆಯೇ! ಐದು ವರ್ಷದ ಮೊಮ್ಮಗಳು ಸೃಷ್ಟಿಗೂ ರಿಯಾಯಿತಿ ಇರಲಿಲ್ಲ.

"ಮುಟ್ಟಿದ್ರ ಕೈ ಮುರೀತೀನಿ ನೋಡು!"

ಅಜ್ಜನ ದನಿ ಕೇಳಿದರೆ ಸಾಕು, ಮಗು ಗಡಗಡ ನಡುಗುತ್ತಿತ್ತು. ಮಾಸ್ತರರಿಗೆ ಅದೇ ಒಂದು ಹೆಮ್ಮೆ...

ಒಂದು ಭಾನುವಾರ ಬೆಳಿಗ್ಗೆ ಸೃಷ್ಟಿ ತಿಂಡಿ ಬೇಡ ಎಂದಳು. ನೀರೂ ಬೇಡ. ಬಾಯಿಂದ ಒಂದೇ ಸಮನೆ ಜೊಲ್ಲು ಸುರಿಯುತ್ತಿತ್ತು.

"ಏನಾಗೇತಿ? ಹೇಳವ್ವಾ..." ಎಂದು ತಾಯಿ ಶೈಲಾ ಎಷ್ಟು ಕೇಳಿದರೂ, ಮಗು ಅಜ್ಜನ ಮುಖ ನೋಡಿ ತುಟಿ ಬಿಗಿಹಿಡಿಯಿತು.

ಮಾಸ್ತರರ ಕಣ್ಣು ಟ್ರೇ ಕಡೆ ಹೋಯಿತು. ಗೋಲಿ ಗಾತ್ರದ ಜೇನುಬಣ್ಣದ ಕಲ್ಲು ಅಲ್ಲಿರಲಿಲ್ಲ...

ಮಗು ಅದನ್ನು ನುಂಗಿದೆ ಎಂದು ಹೊಳೆಯಿತು. ಮಗುವನ್ನು ಎತ್ತಿಕೊಂಡು ಶೈಲಾ ಜೊತೆ ಆಟೋ ಹತ್ತಿದರು. ಆಸ್ಪತ್ರೆ ಮುಟ್ಟುವವರೆಗೂ ಅವಳ ಎದೆ ಏರಿಳಿಯುತ್ತಿದೆಯೋ ಇಲ್ಲವೋ ಅಂತ ನೋಡುತ್ತಲೇ ಇದ್ದರು.

ಎಕ್ಸ್‌ರೇಯಲ್ಲಿ ಕಲ್ಲು ಕಂಡಿತು.

"ಅನ್ನನಾಳದಾಗ ಸಿಕ್ಕೊಂಡೈತ್ರಿ. ತೆಗೀತೀವಿ... ಆದ್ರ ತೆಗಿಯುವಾಗ ಜಾರಿ ಉಸಿರಿನ ದಾರಿಗೆ ಹೋದ್ರ ಕಷ್ಟ" ಎಂದರು ಡಾಕ್ಟರಮ್ಮ.

ಆಮೇಲೆ ಪರದೆ ಎಳೆದು ಮಗುವಿನ ಪಕ್ಕ ಕುಳಿತರು. "ಚಾಕ್ಲೇಟ್ ಅನ್ಕೊಂಡು ನುಂಗಿದ್ಯಾ ಪುಟ್ಟಿ?"

"ಇಲ್ರಿ... ನಿನ್ನೆ ಸಂಜಿಕ ಅಜ್ಜನಂಗ ನಾಲಿಗಿಗೆ ಹಚ್ಚಿ ನೋಡಾಕತ್ತಿದ್ದೆ. ಅಜ್ಜ ಒದರಿದ... ಅಂಜಿ ನುಂಗಿಬಿಟ್ಟೆ. ಅಜ್ಜಗ ಹೇಳಬ್ಯಾಡ್ರಿ..."

ಪರದೆಯ ಈಚೆ ನಿಂತಿದ್ದ ಮಾಸ್ತರರು ಎಲ್ಲ ಕೇಳಿಸಿಕೊಂಡರು. ಹಿಂದಿನ ಸಂಜೆ "ಯಾರದು ಅಲ್ಲಿ?" ಎಂದು ತಾವು ಕೂಗಿದ್ದು ನೆನಪಾಯಿತು... ರಾತ್ರಿಯಿಡೀ ಆ ಮಗು ಒಂಟಿಯಾಗಿ ನೋವು ತಡೆದುಕೊಂಡಿತ್ತು!

ಆಪರೇಷನ್ ಥಿಯೇಟರ್ ಬಾಗಿಲು ಮುಚ್ಚಿತು. ಹತ್ತು ನಿಮಿಷ... ಇಪ್ಪತ್ತು... ನಲವತ್ತು...

ಒಳಗೆ ಯಾರದೋ ಚಪ್ಪಲಿ ಸದ್ದಾದರೂ ಮುದುಕರ ಜೀವ ಬಾಯಿಗೆ ಬರುತ್ತಿತ್ತು. "ಯಪ್ಪಾ ಬಸವಣ್ಣಾ, ನನ್ನ ಜೀವಾ ತಗೋ... ಕೂಸಿನ ಬಿಡು" ಎಂದು ಗೋಡೆಗೆ ಹಣೆ ಹಚ್ಚಿ ಅತ್ತರು.

ಕೊನೆಗೂ ಕಲ್ಲು ಸುರಕ್ಷಿತವಾಗಿ ಹೊರಬಂತು.

ಮಧ್ಯಾಹ್ನ ಸೃಷ್ಟಿ ಕಣ್ಣು ಬಿಟ್ಟಳು. ಎದುರಿಗೇ ನಿಂತ ಅಜ್ಜನನ್ನು ಕೇಳದೆ, ತಾಯಿಯನ್ನು ಕೇಳಿದಳು... "ಅವ್ವಾ, ಅಜ್ಜ ಸಿಟ್ಟಾಗ್ಯಾನೇನು?"

"ಇಲ್ಲವ್ವಾ..." ಮಾಸ್ತರರು ಕಣ್ಣೊರೆಸಿಕೊಂಡರು. "ಅಜ್ಜಗ ಭಾಳ ಅಂಜಿಕಿ ಆಗೇತಿ."

ಅಜ್ಜ ಹೆದರಿದ್ದನ್ನು, ಅತ್ತದ್ದನ್ನು ಅವಳು ಎಂದೂ ನೋಡಿರಲಿಲ್ಲ. ಮೆಲ್ಲಗೆ ಅವರ ಬೆರಳು ಹಿಡಿದು ಹೇಳಿದಳು...

"ಅಂಜಬ್ಯಾಡ ಅಜ್ಜಾ... ನಿನ್ನ ಯಾರೂ ಬೈಯಂಗಿಲ್ಲ."

*ನಮಗೆ ಹೆದರುವ ಮಗು ತಪ್ಪನ್ನಷ್ಟೇ ಅಲ್ಲ, ತನ್ನ ಜೀವದ ಅಪಾಯವನ್ನೂ ನಮ್ಮಿಂದ ಮುಚ್ಚಿಡುತ್ತದೆ.*

ನಿಮ್ಮ ಮನೆಯ ಮಗು ತಪ್ಪು ಮಾಡಿದಾಗ ನಿಮ್ಮ ಹತ್ತಿರ ಓಡಿ ಬರುತ್ತದೆಯೋ... ನಿಮ್ಮಿಂದ ದೂರ ಓಡುತ್ತದೆಯೋ?